ಹನ್ನೆರಡನೆಯ ಕುರಿ

ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ನಾನು ಮನಸಾರೆ "ಬ್ಯಾಂ" ಎಂದು ಕೂಗಿದಾಗ, ಕಂಡಕ್ಟರು ಟಿಕೀಟು ಕೊಡುವುದನ್ನು ನಿಲ್ಲಿಸಿ, ಬಗ್ಗಿ, ಸೀಟುಗಳ ಕೆಳಗೆಲ್ಲ ಇಣುಕಿ, "ಕುರಿ ಯಾರದ್ರಿ? ಲಗೇಜ ತಗೀಬೇಕಾಗತೈತಿ" ಎಂದ.

ಕುರಿ ನಾನೇ ಎಂದು ನಾಲ್ಕು ಜನರ ನಡುವೆ ಒಪ್ಪಿಕೊಳ್ಳುವುದು ಹೇಗೆ? ನನ್ನ ತೊಡೆಯ ಮೇಲೆ ನಾಲ್ಕು ವರ್ಷದ ಮೊಮ್ಮಗಳು ಕೇತಕಿ, ಅವಳ ತೊಡೆಯ ಮೇಲೆ ಕುರಿಗಳನ್ನು ಕುರಿತ ಚಿತ್ರಪುಸ್ತಕ. (ಕುರಿ ಕುರಿತದ್ದು. ಇಂಥ ಶ್ಲೇಷೆ ನನಗೆ ತಾನಾಗಿ ಬರುತ್ತದೆ. ಮನೆಯವರಿಗೆ ತಲೆನೋವೂ ತಾನಾಗಿ ಬರುತ್ತದೆ.) ಪುಸ್ತಕ ಎತ್ತಿ ತೋರಿಸಿದೆ. ಆತ ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಈ ಕುರಿಗಿ ಟಿಕೀಟ ಆಗೇತಿ, ಕುಂದರ್ರಿ" ಎಂದು ಮುಂದೆ ಸಾಗಿದ.

ಪಕ್ಕದಲ್ಲಿದ್ದ ಬೀಗತಿ ಪದ್ಮವ್ವ ಅಷ್ಟಕ್ಕೇ ಬಿಡಬಾರದೆ? "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ, ಅದು ಕುರಿ ದನಿ ಅಲ್ಲ. ಆಡಿಂದು" ಎಂದರು.

ಪದ್ಮವ್ವ ನನ್ನ ಅಳಿಯ ಅಮರನ ತಾಯಿ. ಖಾನಾಪುರದ ಕಡೆಯ ಪಾರಿಶ್ವಾಡದವರು, ಹುಟ್ಟಿ ಬೆಳೆದದ್ದೆಲ್ಲ ಕುರಿಹಿಂಡಿನ ಹಿಂದೆ, ಅಕ್ಷರದ ಗಂಧ ಇಲ್ಲ. ಮಗಳು-ಅಳಿಯ ಇಬ್ಬರೂ ನೌಕರಿಗೆ ಹೋಗುವವರಾದ್ದರಿಂದ ಕೇತಕಿ ಹಗಲೆಲ್ಲ ಟಿಳಕವಾಡಿಯ ನಮ್ಮ ಮನೆಯಲ್ಲಿ. ಎಂಟು ದಿನ ಮೊಮ್ಮಗಳ ಜೊತೆ ಇರಲಿ ಪಾಪ ಎಂದು ಅವರನ್ನು ನಾನೇ ಹೋಗಿ ಕರೆತರುತ್ತಿದ್ದೆ. ನನ್ನ ಔದಾರ್ಯಕ್ಕೆ ಯಾರ ದೃಷ್ಟಿ ತಾಗಿತೋ, ಅದೇ ವಾರ ಕೇತಕಿಯ ಬಾಲವಾಡಿಯಿಂದ ರೂಪಾಲಿ ಟೀಚರ್ ಚೀಟಿ ಕಳಿಸಿದ್ದರು: ಶನಿವಾರ ಕೇತಕಿಯ ಸರದಿ, ಅವಳು ಒಬ್ಬ ಅಜ್ಜಿಯನ್ನು ಕರೆತರಬೇಕು, ಆ ಅಜ್ಜಿ ಮಕ್ಕಳೆಲ್ಲರಿಗೂ ಒಂದು ಚಿತ್ರಪುಸ್ತಕ ಓದಬೇಕು. ಯಾವ ಅಜ್ಜಿ ಎಂಬುದನ್ನು ಮಗುವೇ ಆರಿಸತಕ್ಕದ್ದು.

ಆರಿಸುವುದೇನು ಬಂತು? ನಾನು ಕಾನ್ವೆಂಟಿನಲ್ಲಿ ಕಲಿತವಳು. ಏಳನೆಯ ಇಯತ್ತೆಯಲ್ಲಿ ಇಂಗ್ಲಿಷ್ ವಾಚನಕ್ಕೆ ಮೂರನೆಯ ಬಹುಮಾನ ಗಳಿಸಿದವಳು (ಸ್ಪರ್ಧಿಗಳು ಮೂವರೇ ಇದ್ದರೆಂಬುದು ಇಲ್ಲಿ ಅಪ್ರಸ್ತುತ). ಅಂದಿನಿಂದಲೇ ಮಹಾಪೂರ್ವಸಿದ್ಧತೆ ಶುರುವಾಯಿತು. ಗಂಟಲಿಗೆ ಮೆಣಸಿನ ಕಷಾಯ. ಉಡಲು ಮೂರು ಸೀರೆ ತೆಗೆದಿಟ್ಟು, ಮೂರನ್ನೂ ಒಳಗಿಟ್ಟು, ನಾಲ್ಕನೆಯದಕ್ಕೆ ಇಸ್ತ್ರಿ. ಯಜಮಾನರಾದ ಪಾಂಡುರಂಗರಾಯರನ್ನು ಬಾಲವಾಡಿಯ ಮಕ್ಕಳ ಪ್ರತಿನಿಧಿಯಾಗಿ ಚಾಪೆಯ ಮೇಲೆ ಕೂರಿಸಿ ತಾಲೀಮು.

ಅದೇ ಕುರಿಪುಸ್ತಕದಲ್ಲಿ ಪುಟಕ್ಕೊಂದೇ ಸಾಲು ಇಂಗ್ಲಿಷ್. ಕುರಿಗಳು ಗುಡ್ಡ ಹತ್ತಿದವು. ಕುರಿಗಳು ಹೊಲಕ್ಕೆ ಬಂದವು. ಕುರಿಗಳು ಹಳ್ಳ ದಾಟಿದವು. ಕುರಿಗಳು ಮನೆ ಸೇರಿದವು. ಗುಡ್ಡ ಹತ್ತುವಾಗ ನಾನೇ ಏದುಸಿರು ಬಿಟ್ಟೆ. ಹಳ್ಳ ದಾಟುವಾಗ ಸೀರೆಯ ನಿರಿಗೆ ಎತ್ತಿ ಹಿಡಿದೆ.

"ಮುಗೀತೇನು?" ಎಂದರು ಪ್ರತಿನಿಧಿಗಳು, ಆಕಳಿಸುತ್ತ.

ಬುಧವಾರ ಮಧ್ಯಾಹ್ನ ಕಷಾಯ ಮುಗಿಸಿ ಪಡಸಾಲೆಗೆ ಬಂದರೆ ಕೇತಕಿ ಪದ್ಮವ್ವನ ತೊಡೆಯ ಮೇಲೆ. ನನ್ನ ಪುಸ್ತಕ ಅವರ ಕೈಯಲ್ಲಿ.

"ಗುಡ್ಡದ ಹಾಳಿಯಾಗ ಎಷ್ಟಿದ್ದವು?" ಪದ್ಮವ್ವ ಕೇಳುತ್ತಿದ್ದರು.

"ಹನ್ನೆರಡು."

"ಈಗ ಹೊಲದಾಗ ಎಣಸು."

ಕೇತಕಿ ಬೆರಳಿಟ್ಟು ಎಣಿಸಿದಳು. "ಹನ್ನೊಂದ ಅದಾವ, ಆಯಿ."

"ಹಂಗಾರ ಒಂದು ಎಲ್ಲಿ ಹೋತು? ತೋಳ ಒಯ್ತೇನು? ಸಂಜೀಕ ಮನಿಗಿ ಹೋಗಿ ನಿಮ್ಮ ಮುತ್ಯಾಗ ಏನಂತ ಹೇಳೂಣು?"

ಕೇತಕಿಯ ಕಣ್ಣು ಬಟ್ಟಲಾದವು. ಇಬ್ಬರೂ ಪುಟಕ್ಕೆ ಮೂಗು ಹಚ್ಚಿ ಹುಡುಕತೊಡಗಿದರು. ಸಿಕ್ಕಿತು: ಬಣವೆಯ ಹಿಂದೆ ಎರಡು ಕಿವಿ. ಮುಂದಿನ ಪುಟದಲ್ಲಿ ಅದೇ ಕಳ್ಳಕುರಿ ಸೇತುವೆಯ ಕೆಳಗೆ. ಅದರ ಮುಂದಿನದರಲ್ಲಿ ಎಲ್ಲಿ? ನಾಚಿಕೆ ಬಿಟ್ಟು ನಾನೂ ಅವರ ಬಾಜೂಕ ಕುಕ್ಕರಗಾಲಲ್ಲಿ ಕುಳಿತು ಹುಡುಕಿದೆನೆಂದರೆ ನಂಬಿ. ಅಟ್ಟದ ಕಿಟಕಿಯಲ್ಲಿತ್ತು, ಕುರಿಗಳ ಯಜಮಾನನ ಟೊಪ್ಪಿಗೆ ಮೆಲ್ಲುತ್ತ. ಆ ಪುಸ್ತಕವನ್ನು ನಾನು ನಲವತ್ತು ಸಲ ಓದಿದ್ದೆ.

"ಪ್ರಮಿಳಾ, ಅಷ್ಟು ಸಲ ಓದಿದ್ಯಲ್ಲ, ಕುರಿ ಕಳದದ್ದು ಗೊತ್ತಾಗಲಿಲ್ಲೇನು?" ಎಂದರು ನಮ್ಮವರು.

"ಬರೆದದ್ದರಾಗ ಅದು ಇರಲಿಲ್ಲರೀ."

"ಕುರಿ ಅಕ್ಷರದಾಗ ಯಾಕ ಮೇಯತದ? ಹುಲ್ಲಿನಾಗ ಮೇಯತದ."

ಅಂದಿನಿಂದ ಕೇತಕಿ ನನ್ನ ಕೈಗೆ ಸಿಗಲೇ ಇಲ್ಲ. ಸಿಕ್ಕ ಚಿತ್ರಪುಸ್ತಕವನ್ನೆಲ್ಲ ಎತ್ತಿಕೊಂಡು ಊರ ಆಯಿಯ ಹಿಂದೆ ಓಟ. ಪದ್ಮವ್ವನವರನ್ನು ಅವಳು ಕರೆಯುವುದು ಹಾಗೆ. ನಾನು ಬರೀ ಅಜ್ಜಿ. ಸಾಮ-ಭೇದ ಫಲಿಸದೆ ದಾನಕ್ಕೆ ಇಳಿದೆ. ಕುಂದಾ ತಂದೆ, ತಿಂದು ಕೈ ಒರೆಸಿಕೊಂಡು ಹೋದಳು. ಬಜಾರಿಗೆ ಹೋಗಿ, ಗುಂಡಿ ಒತ್ತಿದರೆ ಆಕಳು ಕೂಗುವ ಪುಸ್ತಕ ತಂದೆ. ಪದ್ಮವ್ವ ಎರಡು ಸಲ ಒತ್ತಿಸಿ, ಕಿವಿಗೊಟ್ಟು ಕೇಳಿ, "ಪಾಪ, ಕರಾ ಸತ್ತೇತಿ ಕಾಣಸ್ತೈತಿ" ಎಂದರು. ಆ ಕರುವಿಗಾಗಿ ಕೇತಕಿ ಅರ್ಧ ತಾಸು ಅತ್ತಳು. ಸಮಾಧಾನ ಮಾಡಲು ಯಾರು ಬೇಕಾಯಿತೆಂದು ಹೇಳಬೇಕಾಗಿಲ್ಲ.

ಶುಕ್ರವಾರ ಸಂಜೆ ಚೀಟಿಯ ಮೇಲೆ ಅಜ್ಜಿಯ ಹೆಸರು ಬರೆಯಲೇಬೇಕಿತ್ತು. ಪೆನ್ನಿನ ಟೊಪ್ಪಿಗೆಯನ್ನು ಮೂರು ಸಲ ತೆಗೆದು ಮೂರು ಸಲ ಹಾಕಿದೆ. ಪದ್ಮವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ಪುಟ್ಟಿ, ನಾಳೆ ಸಾಲಿಗೆ ಯಾರನ್ನ ಕರಕೊಂಡು ಹೋಗ್ತಿ?" ಎಂದೆ.

ಕೇತಕಿ ಊರ ಆಯಿಯನ್ನು ನೋಡಿದಳು. ನನ್ನನ್ನು ನೋಡಿದಳು. ಬೆರಳು ಬಾಯಲ್ಲಿಟ್ಟು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅದೇ ಒದ್ದೆ ಬೆರಳನ್ನು ನನ್ನ ಕಡೆ ತೋರಿಸಿದಳು.

ಅದನ್ನು ವರ್ಣಿಸಲು ನನ್ನ ಕಾನ್ವೆಂಟ್ ಇಂಗ್ಲಿಷೂ ಸಾಲದು, ಮನೆಯ ಕನ್ನಡವೂ ಸಾಲದು. ಕಚೇರಿಯಲ್ಲಿದ್ದ ಮಗಳು ಸಾನಿಕಾಗೆ ಫೋನು. ಎದುರುಮನೆಯ ಗೌರವ್ವನಿಗೆ ಗ್ಯಾಲರಿಯಿಂದಲೇ ಸುದ್ದಿ. ಮಡಿಚಿಟ್ಟಿದ್ದ ಸೀರೆಗೆ ಎರಡನೆಯ ಇಸ್ತ್ರಿ.

"ಛಲೋ ಆತು ಬಿಡ್ರಿ ಅಕ್ಕಾರ," ಎಂದರು ಪದ್ಮವ್ವ, ಜೋಳದಿಂದ ತಲೆ ಎತ್ತದೆ. "ನನಗ ಮಂದಿ ಮುಂದ ಮಾತಾಡಾಕ ಬರಂಗಿಲ್ಲ."

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಬೀಗತಿಯ ಎದುರು ಬೀಗದೆ ಇದ್ದರೆ ಬೀಗತನ ಮಾಡಿದ್ದಾದರೂ ಏಕೆ? ಕೇತಕಿಯನ್ನು ಎಲ್ಲರ ನಡುವೆ ನಿಲ್ಲಿಸಿ, ನಮ್ಮವರು ಪೇಪರು ಕೆಳಗಿಡುವ ತನಕ ಕಾದು, ಕೇಳಿಯೇಬಿಟ್ಟೆ:

"ಹೇಳವ್ವಾ, ನನ್ನನ್ನ ಯಾಕ ಆರಿಸಿದಿ? ಎಲ್ಲಾರಿಗೂ ಕೇಳೂಹಂಗ ಹೇಳು."

ಕೇತಕಿ ಪದ್ಮವ್ವನ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಊರ ಆಯಿನ್ನ ಕರಕೊಂಡು ಹೋದ್ರ ಎಲ್ಲಾ ಹುಡುಗ್ರೂ ತಮಗ ಬೇಕು ಅಂತ ಮನಿಗಿ ಒಯ್ದಬಿಡ್ತಾರ. ನಿನ್ನ ಯಾರೂ ಒಯ್ಯಂಗಿಲ್ಲ."