ಮೂತಿ ಲಾರಿಯ ಕಮಾನ್‌ಪಟ್ಟಿ ಪಟ್ಟಾಭಿಷೇಕ

ಒಮ್ಮೆ ಅಂಗಿಗೆ ಹತ್ತಿದರೆ ಜನ್ಮಜನ್ಮಾಂತರಕ್ಕೂ ಬಿಟ್ಟುಹೋಗದ ಭಕ್ತವತ್ಸಲೆಯೇ, ಸಕಲಚಕ್ರಸಂಚಾಲಿನಿಯೇ, ಕೃಷ್ಣವರ್ಣಸ್ನಿಗ್ಧಲೇಪಸ್ವರೂಪಿಣಿಯಾದ ಗ್ರೀಸಮ್ಮ ತಾಯೇ, ನನ್ನ ನಾಲಿಗೆ ಕಿರುಗುಟ್ಟದಂತೆ ಕಾಪಾಡು! ನಾನೀಗ ಹೇಳಹೊರಟಿರುವುದು ತಲೆಗೆ ಕಿರೀಟ ಇಟ್ಟವರ ಕಥೆಯಲ್ಲ, ಟವೆಲು ಸುತ್ತಿದವರ ಕಥೆ. ಸಿಂಹಾಸನಕ್ಕಾಗಿ ಕಾದಾಡಿದವರದು ಬೇಕಾದಷ್ಟು ಕೇಳಿದ್ದೀರಿ. ಕಮಾನ್‌ಪಟ್ಟಿಗಾಗಿ ಕಾದಾಡಿದವರದನ್ನೂ ಸ್ವಲ್ಪ ಕೇಳಿ, ನಡುವೆ ಎದ್ದು ಹೋಗಬೇಡಿ.

ಚಪ್ಪಟೆಮುಖದ ಲಾರಿಗಳು ಭೂಮಂಡಲವನ್ನೆಲ್ಲ ಆಕ್ರಮಿಸಿ ಹಾರನ್ ಹೊಡೆಯುತ್ತಿದ್ದ ಈ ಕಲಿಕಾಲದಲ್ಲಿ, ತಿಪಟೂರಿನ ಹೊರವಲಯದಲ್ಲಿ, ತೆಂಗಿನ ಸಿಪ್ಪೆಯ ಪರ್ವತಾವಳಿಗಳ ನಡುವಿನ ಒಂದು ಅಂಗಳದಲ್ಲಿ, ದೀರ್ಘನಾಸಿಕಾವಿರಾಜಿತವೂ ಧೂಮೋದ್ಗಾರಭೀಕರವೂ ನಾರಿಕೇಳಲಕ್ಷವಾಹಕವೂ ಆದ ಒಂದು ಪುರಾತನ ಮೂತಿ ಲಾರಿ ಎಡಗಾಲು ಕುಸಿದು ನಿಂತಿತ್ತು. ಅದರ ಒಡೆಯನೇ ನಮ್ಮ ನಾಯಕ ಮರುಳಸಿದ್ದಪ್ಪ. ಶತಸಹಸ್ರಗುಂಡಿಲಂಘನಪಟು, ಘಾಟಿರಸ್ತೆಗಳ ಗಂಡರಗಂಡ, ಮನೆಯಲ್ಲಿ ಮಾತ್ರ ಮೃದುಭಾಷಿ. ಮುಂದಿನ ಚಕ್ರದ ಮೇಲೆ ಬೀಳುವ ಭಾರವನ್ನೆಲ್ಲ ಹೊರುವ, ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ ಕಮಾನ್‌ಪಟ್ಟಿ ಎನ್ನುತ್ತಾರೆ. ಎಡಗಡೆಯದು ಮಳೆಗಾಲದಲ್ಲಿ ಒಂದು ಗುಂಡಿಗೆ ಬಲಿಯಾಗಿ ಮುರಿದಿತ್ತು. ಅಂದಿನಿಂದ ಲಾರಿ ಕದಲಿರಲಿಲ್ಲ, ಅದರ ಸೀಟಿನಲ್ಲಿ ಬೆಕ್ಕು ಮರಿ ಹಾಕಿತ್ತು.

ಇದನ್ನು ದಿನಾ ನೋಡಿ ನೋಡಿ ರೋಸಿಹೋದ ಆತನ ಧರ್ಮಪತ್ನಿ, ಅಂಗಳಾಧೀಶ್ವರಿ ಸಿದ್ದಗಂಗಮ್ಮ, ಕೊನೆಗೆ ಭೀಷಣಪ್ರತಿಜ್ಞೆಯನ್ನೇ ಮಾಡಿದಳು.

“ನೋಡ್ರೀ, ಆಯುಧಪೂಜೆ ದಿನ ನಿಮ್ಮ ಲಾರಿ ತಾನಾಗಿ ಉರುಳ್ಕೊಂಡು ಬಂದು ನಿಂಬೆಹಣ್ಣು ತುಳೀಬೇಕು. ತುಳೀಲಿಲ್ವಾ, ಮಾರನೇ ದಿನ ಗುಜರಿಯವ್ನು ಬತ್ತಾನೆ. ಹೇಳ್ಬಿಟ್ಟಿದೀನಿ ಅವ್ನಿಗೆ.”

ಗುಜರಿ! ಆ ಶಬ್ದ ಕೇಳಿ ಮರುಳಸಿದ್ದಪ್ಪನ ಎದೆ ಧಸಕ್ಕೆಂದಿತು. ಮೀಸೆ ಚಿಗುರಿದ ಕಾಲದಿಂದ ಹಿಡಿದ ಸ್ಟೇರಿಂಗ್ ಅದು. ಮದುವೆಯಾದ ದಿನ ಇದೇ ಸಿದ್ದಗಂಗಮ್ಮನನ್ನು ಅವನು ಮನೆ ತುಂಬಿಸಿಕೊಂಡದ್ದು ಅದೇ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬಂದು. ಅದನ್ನು ಯಾರೋ ಕತ್ತರಿಸಿ ಕೆಜಿ ಲೆಕ್ಕದಲ್ಲಿ ತೂಗುವುದನ್ನು ನೆನೆದರೆ ಅವನಿಗೆ ಅಳುವೇ ಬರುತ್ತಿತ್ತು, ಆದರೆ ವೀರರು ಅಳಬಾರದೆಂದು ಬೀಡಿ ಹಚ್ಚಿದ.

ಹಬ್ಬಕ್ಕೆ ಎರಡು ದಿನ ಮುಂಚೆ ಪೇಟೆಯ ಅಂಗಡಿಯಲ್ಲಿ ಪಟ್ಟಿ ಕಟ್ಟಿಸಿ ತಂದ. ಇಲ್ಲೊಂದು ಮರ್ಮವಿದೆ, ಗಮನವಿಟ್ಟು ಕೇಳಿ. ಕಮಾನ್‌ಪಟ್ಟಿಯ ನಡುಬೋಲ್ಟು ನಟ್ಟನಡುವೆ ಇರುವುದಿಲ್ಲ. ಒಂದು ತೋಳು ತುಸು ಗಿಡ್ಡ, ಇನ್ನೊಂದು ತುಸು ಉದ್ದ, ಮತ್ತು ಈ ಲಾರಿಯಲ್ಲಿ ಗಿಡ್ಡ ತೋಳು ಮುಂದಕ್ಕೆ ಬರಬೇಕು. ಮರೆಯಬಾರದೆಂದು ಮರುಳಸಿದ್ದಪ್ಪ ಸೀಮೆಸುಣ್ಣಕ್ಕಾಗಿ ತಡಕಾಡಿ, ಸಿಗದೆ, ದೇವರ ಮನೆಯ ಕುಂಕುಮವನ್ನೇ ತಂದು ಗಿಡ್ಡ ತೋಳಿನ ತುದಿಗೆ ಬೊಟ್ಟಿಟ್ಟು ನೆಮ್ಮದಿಯಾಗಿ ಮಲಗಿದ.

ಆಯುಧಪೂಜೆಯ ಬೆಳಗ್ಗೆ ಆತನ ಸಹಾಯಕ್ಕೆಂದು ದಯಮಾಡಿಸಿದವನು ಸಿದ್ದಗಂಗಮ್ಮನ ತಮ್ಮ, ಬಸ್ ಡಿಪೋದ ನಿವೃತ್ತ ಮೆಕ್ಯಾನಿಕ್, ಸ್ಪ್ಯಾನರ್‌ಪಾಣಿ ಷಡಕ್ಷರಿ. ಬಂದವನೇ ಸೊಂಟದ ಮೇಲೆ ಕೈಯಿಟ್ಟು ಗರ್ಜಿಸಿದ: “ಎಲೈ ಭಗಿನೀವಲ್ಲಭನೇ! ಅಸಂಖ್ಯ ಬಸ್ಸುಗಳ ಉದರದಡಿ ಶಯನಿಸಿ ಆಯುಷ್ಯ ಸವೆಸಿದ ನನ್ನ ಮುಂದೆ ಈ ಜೀರ್ಣಶಕಟ ಯಾವ ಲೆಕ್ಕ? ಜಾಕ್ ಒಂದಿದ್ದರೆ ಮೇರುಪರ್ವತವನ್ನೂ ಎತ್ತಿ ಅದರಡಿ ನಿದ್ರಿಸಬಲ್ಲೆ!” ಅಂದರೆ, ನಿಜವಾಗಿ ಅವನ ಬಾಯಿಂದ ಬಂದದ್ದು ಇಷ್ಟು:

“ಭಾವ, ಡಿಪೋದಲ್ಲಿ ಇಂಥವೆಷ್ಟು ನೋಡಿಲ್ಲ ನಾನು? ಜಾಕ್ ಕೊಡಿ ಸಾಕು. ದಿಮ್ಮಿಗಿಮ್ಮಿ ಎಲ್ಲ ಯಾಕೆ?”

ಅದಕ್ಕೆ ಮರುಳಸಿದ್ದಪ್ಪ ಪ್ರಳಯಕಾಲದ ಮೇಘದಂತೆ ಗುಡುಗಿದ: “ಎಲವೋ ಶ್ಯಾಲಕನೇ, ಜಾಕನ್ನು ನಂಬಿದ ಶೂರರೆಲ್ಲ ಇಂದು ಗೋಡೆಯ ಮೇಲೆ ಫೋಟೋಗಳಾಗಿ ವಿರಾಜಿಸುತ್ತಿದ್ದಾರೆ!” ಅಂದರೆ:

“ಜಾಕ್ ನಂಬ್ಕೊಂಡು ಲಾರಿ ಕೆಳಗೆ ತಲೆ ಹಾಕ್ಬೇಡ ಕಣೋ. ನಾಳೆ ನಿಮ್ಮಕ್ಕಂಗೆ ನಾನೇನು ಹೇಳ್ಲಿ? ಮೊದ್ಲು ಹಿಂದಿನ್ ಚಕ್ರಕ್ಕೆ ಕಲ್ಲು ಕೊಡು. ಆಮೇಲೆ ದಿಮ್ಮಿ ಇಡು.”

ಷಡಕ್ಷರಿ ಗೊಣಗಿದ. ಗೊಣಗುತ್ತಲೇ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಟ್ಟ. ಜಾಕ್ ಆ ಮಹಾಕಾಯವನ್ನು ಮೇಲೆತ್ತಿತು, ಹಲಸಿನ ದಿಮ್ಮಿಗಳು ಚಾಸಿಯ ಕೆಳಗೆ ದ್ವಾರಪಾಲಕರಾಗಿ ನಿಂತವು. ಚಕ್ರ ಬಿಚ್ಚಿತು. ಷಡಕ್ಷರಿ ಬಗ್ಗಿ ತಲೆ ಒಳಗೆ ಹಾಕಿ, “ದಿಮ್ಮಿ ಇಡೋದು ಹೊಸಬರು ಕಣ್ ಭಾವ, ನಮ್ಮಂಥೋರು” ಎನ್ನುವಷ್ಟರಲ್ಲಿ ಆ ಮುದಿ ಜಾಕ್ ಫುಸ್ಸೆಂದು ನಿಟ್ಟುಸಿರು ಬಿಟ್ಟಿತು. ಲಾರಿಯ ಮೂತಿ ಧಡಕ್ಕೆಂದು ಕುಸಿದು ದಿಮ್ಮಿಯ ಮೇಲೆ ಕೂತಿತು. ದಿಮ್ಮಿ ಜಗ್ಗಲಿಲ್ಲ. ಷಡಕ್ಷರಿ ಮೆಲ್ಲಗೆ ತಲೆ ಹೊರಗೆ ತೆಗೆದು, ಅದು ತನ್ನದೇ ಎಂದು ಮುಟ್ಟಿ ನೋಡಿಕೊಂಡ.

“ನಾನೂ ಅದನ್ನೇ ಹೇಳ್ತಿದ್ದೆ ಭಾವ,” ಎಂದ. “ದಿಮ್ಮಿ ಇರ್ಲೇಬೇಕು.”

ಬೈಯಬೇಕೆಂದುಕೊಂಡ ಮರುಳಸಿದ್ದಪ್ಪ ಬೈಯಲಿಲ್ಲ, ಭಾವಮೈದುನನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು, ಮುರಿದ ಹಳೆಯ ಪಟ್ಟಿಯನ್ನು ಬಿಚ್ಚಿ ಆಚೆ ಹಾಕಿದ.

ಇನ್ನು ಹೊಸ ಪಟ್ಟಿಯ ಆರೋಹಣ! ಇಬ್ಬರೂ ಅದನ್ನು ಹೊತ್ತು ತಂದು ನೋಡುತ್ತಾರೆ, ಎರಡೂ ತುದಿಗಳಲ್ಲಿ ಕುಂಕುಮದ ಬೊಟ್ಟು! ತಾನಿಟ್ಟದ್ದು ಒಂದೇ ಎಂದು ಮರುಳಸಿದ್ದಪ್ಪನಿಗೆ ಚೆನ್ನಾಗಿ ನೆನಪಿತ್ತು. ಆದರೆ ಕಣ್ಣೆದುರು ಎರಡು ಇದ್ದವು.

“ಟೇಪ್ ತತ್ತೀನಿ ತಡಿ. ಅಳೆದ್ಬಿಡಾನ.”

“ಟೇಪಾ?” ಕಳೆದ ಮಾನವನ್ನು ಮರಳಿ ಗಳಿಸಲು ಷಡಕ್ಷರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಒಂದು ಕಣ್ಣು ಮುಚ್ಚಿ, ಹುಬ್ಬೇರಿಸಿ, ಪಟ್ಟಿಯನ್ನು ಆಪಾದಮಸ್ತಕ ದಿಟ್ಟಿಸಿ, “ಕಣ್ಣಳತೆ ಐತಲ್ಲ ಭಾವ, ಟೇಪ್ ಯಾಕೆ? ಇದೇ ಗಿಡ್ಡ. ಇದೇ ಮುಂದಕ್ಕೆ. ಹಾಕಿ” ಎಂದು ತೀರ್ಪಿತ್ತ.

ಈಗಷ್ಟೇ ತಲೆ ಉಳಿಸಿಕೊಂಡವನ ಮಾತು ತೆಗೆದುಹಾಕಲು ಮರುಳಸಿದ್ದಪ್ಪನಿಗೆ ಮನಸ್ಸು ಬರಲಿಲ್ಲ. ಎಳೆ, ನೂಕು, ಹಾರೆ ಮೀಟು, ಸುತ್ತಿಗೆ ತಾ, ಅಯ್ಯೋ ಬೆರಳು! ಪಿನ್ನುಗಳು ಕೂತವು. ಯು ಬೋಲ್ಟುಗಳು ಅಚ್ಚನ್ನೂ ಪಟ್ಟಿಯನ್ನೂ ಗಾಢಾಲಿಂಗನದಲ್ಲಿ ಬಿಗಿದವು. ಕೊನೆಗೆ ಚಕ್ರವೂ ಏರಿತು. ಸೂರ್ಯ ಸಿಪ್ಪೆಯ ಗುಡ್ಡದ ಹಿಂದೆ ಇಳಿಯುವ ಹೊತ್ತಿಗೆ ವೀರರಿಬ್ಬರೂ ಗ್ರೀಸಮ್ಮನ ಪೂರ್ಣಕೃಪೆಗೆ ಪಾತ್ರರಾಗಿ ಗುರುತು ಸಿಗದಂತಾಗಿದ್ದರು.

ಪೂಜೆ ನಡೆಯಿತು. ಲಾರಿಯ ಮೂತಿಗೆ ವಿಭೂತಿ, ಸೇವಂತಿಗೆ ಹಾರ, ಬೆಕ್ಕಿನ ಸಂಸಾರಕ್ಕೆ ಹೊಸ ಗೋಣಿಚೀಲ. ಸಿದ್ದಗಂಗಮ್ಮ ಎಡ ಚಕ್ರದಿಂದ ಒಂದು ಮಾರು ಮುಂದೆ ಒಂದೇ ಒಂದು ನಿಂಬೆಹಣ್ಣನ್ನಿಟ್ಟು, “ಕುಂಟಿದ್ ಕಾಲೇ ಬಂದು ತುಳೀಲಿ” ಎಂದು ಪಕ್ಕಕ್ಕೆ ಸರಿದು ನಿಂತಳು. ಮರುಳಸಿದ್ದಪ್ಪ ಕೈಮುಗಿದು ಕ್ಯಾಬಿನ್ನೇರಿದ. ಇಂಜಿನ್ ಕೆಮ್ಮಿತು, ಕ್ಯಾಕರಿಸಿತು, ದಿಗ್ದಿಗಂತಗಳಿಗೆ ಹೊಗೆಯ ತೋರಣ ಕಟ್ಟಿ ಗರ್ಜಿಸಿತು. ಲಾರಿ ಕದಲಿತು! ಅಷ್ಟು ತಿಂಗಳು ಕುಂಟಿಕೊಂಡು ನಿಂತಿದ್ದದ್ದು ಸ್ವಂತ ಬಲದಿಂದ ಮುಂದೆ ಬಂತು.

ಬಂದು, ಕರ್ರೆಂದು ಮಡ್‌ಗಾರ್ಡಿಗೆ ಚಕ್ರ ಉಜ್ಜಿಕೊಳ್ಳುತ್ತ, ಎಡಕ್ಕೆ ವಾಲಿ, ನಿಂಬೆಹಣ್ಣಿನ ಪಕ್ಕದಲ್ಲೇ ಹಾದುಹೋಯಿತು.

“ನೆಟ್ಟಗೆ ಹಿಡೀರಿ ಭಾವ!”

“ನೆಟ್ಟಗೇ ಹಿಡ್ದಿವ್ನಿ ಕಣೋ!”

ಹಿಂದಕ್ಕೆ ತೆಗೆದು ಮತ್ತೆ ಬಿಟ್ಟ. ಈ ಸಲವೂ ಲಾರಿ ನಿಂಬೆಹಣ್ಣಿಗೆ ಮುಟ್ಟೀಮುಟ್ಟದಂತೆ ಅದೇ ಓರೆದಾರಿ ಹಿಡಿದು ನಿಂತಿತು. ಷಡಕ್ಷರಿ ಬಗ್ಗಿ ನೋಡಿದ. ಚಕ್ರ ಮಡ್‌ಗಾರ್ಡಿನ ಹಿಂದಿನ ಅಂಚಿಗೆ ಒತ್ತರಿಸಿ ಕೂತಿತ್ತು. ಅವನ ಮುಖ ಸಪ್ಪಗಾಯಿತು.

“ಪಟ್ಟಿ ತಿರುಗಾಮುರುಗಾ ಆಗೈತೆ ಭಾವ. ಉದ್ದಂದು ಮುಂದಕ್ಕೆ ಬಂದೈತೆ.”

ಕ್ಯಾಬಿನ್ನಿನಲ್ಲಿ ಮರುಳಸಿದ್ದಪ್ಪ ಸ್ಟೇರಿಂಗಿಗೆ ಹಣೆಯಿಟ್ಟ. ಅವನ ಕಣ್ಣ ಮುಂದೆ ಗುಜರಿಯವನ ತಕ್ಕಡಿ ತೂಗಾಡುತ್ತಿತ್ತು. “ನಾನು ಒಂದೇ ಬೊಟ್ಟು ಇಟ್ಟಿದ್ದು,” ಎಂದ ಯಾರಿಗೋ ಎಂಬಂತೆ. “ಇನ್ನೊಂದು ಎಲ್ಲಿಂದ ಬಂತೋ.”

ಸಿದ್ದಗಂಗಮ್ಮ ಸೆರಗಿನ ತುದಿ ಹಿಡಿದು ತಿರುಚಿದಳು.

“ನಾನೇ ಇಟ್ಟೆ,” ಎಂದಳು. “ನಿನ್ನೆ ರಾತ್ರಿ ಪಟ್ಟಿ ಮುಂದೆ ದೀಪ ಹಚ್ಚಕ್ ಬಂದಿದ್ದೆ. ಒಂದೇ ಕಡೆ ಇತ್ತು, ಬೋಳುಬೋಳಾಗಿ ಕಾಣ್ತಿತ್ತು. ನಾಳೆ ಕೆಲ್ಸ ಸಲೀಸಾಗಿ ಆಗ್ಲಪ್ಪ ಅಂತ ಕೈಮುಗ್ದು ಆ ಕಡೆಗೂ ಒಂದು ಇಟ್ಟೆ.”

ಲಾರಿಯ ಪರಮಶತ್ರುವೆಂಬಂತೆ ನಾನು ಇಷ್ಟು ಹೊತ್ತು ವರ್ಣಿಸಿದ ಸಿದ್ದಗಂಗಮ್ಮ! ಮರುಳಸಿದ್ದಪ್ಪ ತಲೆಯೆತ್ತಿ ಅವಳನ್ನೇ ನೋಡಿದ.

“ಏನ್ ನೋಡ್ತೀರಾ? ಬ್ರೇಕ್ ಹಿಡ್ಕೊಂಡಿರಿ, ಬಿಡ್ಬೇಡಿ” ಎಂದವಳೇ ನಿಂಬೆಹಣ್ಣನ್ನು ಎತ್ತಿಕೊಂಡಳು. ಬಗ್ಗಿ, ಓರೆಯಾಗಿ ನಿಂತ ಚಕ್ರದ ಮುಂದೆ, ಅದು ಹೇಗೆ ವಾಲಿದರೂ ತಪ್ಪದಂತೆ ಇಟ್ಟು, ದೂರ ಸರಿದು ನಿಂತಳು. “ಹ್ಞೂಂ. ಈಗ ಬಿಡಿ.”

ಲಾರಿ ಗೇಣುದ್ದ ಉರುಳಿತು. ಪಿಚಕ್ಕೆಂದಿತು.

“ತುಳೀತಲ್ಲ, ಆಯ್ತು” ಎಂದಳು ಸಿದ್ದಗಂಗಮ್ಮ. “ಗುಜರಿಯವ್ನಿಗೆ ಬರ್ಬೇಡ ಅಂತೀನಿ. ನಾಳೆ ಬಿಚ್ಚಿ ತಿರುಗ್ಸಿ ಹಾಕಿ. ಷಡಕ್ಷರಿ, ಟೇಪ್ ತಗೊಂಡ್ ಬಾರಪ್ಪ.”

ಹೀಗೆ, ಗುಂಡಿಲಂಘನಪಟುವೂ ಸ್ಪ್ಯಾನರ್‌ಪಾಣಿಯೂ ಬೆಳಗಿನಿಂದ ಸಂಜೆಯವರೆಗೆ ಬೆವರು ಸುರಿಸಿ ಕಾದಾಡಿದ ಆ ಮಹಾಸಮರದ ಅಂತ್ಯದಲ್ಲಿ, ತಿಪಟೂರಿನ ಹೊರವಲಯದ ಅಂಗಳವೊಂದರಲ್ಲಿ, ಒಂದು ನಿಂಬೆಹಣ್ಣು ಅಪ್ಪಚ್ಚಿಯಾಯಿತು.