ಬರ್ತೇನೆ ಅಂದ ಪಾದ್ರಿ

ನಮ್ಮ ಕುಟುಂಬದಲ್ಲಿ ದೇವರ ಕರೆ ಬಂದದ್ದು ಒಬ್ಬನಿಗೆ ಮಾತ್ರ. ಅದು ರಾಂಗ್ ನಂಬರ್ ಇರಬಹುದೆಂಬ ಗುಮಾನಿ ನಮಗೆಲ್ಲ ಇಂದಿಗೂ ಉಂಟು!

ಆತ ಕಲ್ಯಾಣಪುರದ ನನ್ನ ಮಾವ್ಶಿಯ, ಅಂದರೆ ಅಮ್ಮನ ಅಕ್ಕನ, ಮಗ. ಜಪಸರದ ಹೊತ್ತಿಗೆ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದ ಹುಡುಗ. ಪಾದ್ರಿಯಾಗಲು ಸೆಮಿನರಿ ಸೇರುತ್ತೇನೆಂದಾಗ ನಮ್ಮ ಅಜ್ಜಿ, “ಅಲ್ಲಿ ಊಟ ಒಳ್ಳೆಯದುಂಟಂತೆ, ಅದಕ್ಕೇ” ಎಂದು ಒಂದೇ ಮಾತಿನಲ್ಲಿ ವಿಷಯ ಮುಗಿಸಿದ್ದರು. ಅಜ್ಜಿಯ ಲೆಕ್ಕ ತಪ್ಪಿತು. ಓದು ಮುಗಿಸಿದವನು ತಾಂಜಾನಿಯಾದ ಒಂದು ಹಳ್ಳಿಗೆ ಮಿಷನರಿಯಾಗಿ ಹೊರಟ. ಊಟದ ಆಸೆಯುಳ್ಳವರು ಹೋಗುವ ಜಾಗವಲ್ಲ ಅದು.

ಅಲ್ಲಿ ಅವನು ಏನು ಮಾಡುತ್ತಾನೆ? ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಮಾಡುತ್ತಾನೆ, ಸರಿ. ಉಳಿದ ಹೊತ್ತು ಬಾವಿಯ ಪಂಪ್ ಬಿಚ್ಚುತ್ತಾನೆ, ಗರ್ಭಿಣಿಯರನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಾನೆ, ಶಾಲೆಯ ಮಕ್ಕಳಿಗೆ ಲಗೋರಿ ಕಲಿಸುತ್ತಾನೆ, ಕೋಳಿ ಸಾಕುತ್ತಾನೆ. ಕೋಳಿಗಳು ಬರುವುದು ಚರ್ಚಿನ ಕಾಣಿಕೆಯಾಗಿ, ಜೀವಂತ! ಇವನು ಪ್ರಾರ್ಥನೆ ಹೇಳಿದರೆ ಜನರಿಗಿಂತ ಮೊದಲು ಅವೇ ಉತ್ತರ ಕೊಡುತ್ತವಂತೆ. ಊರಿನ ನೆನಪಿಗೆಂದು ಅವಕ್ಕೆ ನಮ್ಮ ನಂಟರ ಹೆಸರಿಟ್ಟಿದ್ದ. ಅದು ನಮಗೆ ಗೊತ್ತಿರಲಿಲ್ಲ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ, “ನಿನ್ನೆ ಬಿಷಪರು ಬಂದಿದ್ದರು. ಫಿಲೋಮಿನಾ ಮಾವ್ಶಿಯನ್ನು ಸಾರು ಮಾಡಿದೆವು. ಬೇಯುವುದಕ್ಕೆ ಮಹಾ ಹಠ!” ಎಂದ. ನನ್ನ ಪಕ್ಕದಲ್ಲೇ ಕುಳಿತಿದ್ದ ಫಿಲೋಮಿನಾ ಮಾವ್ಶಿ, ನಮ್ಮಿಬ್ಬರ ಅಮ್ಮಂದಿರ ತಂಗಿ, ಎದ್ದು ಒಳಗೆ ಹೋದರು. ಅವನಿಗಾಗಿ ಅವರು ದಿನವೂ ಹೇಳುತ್ತಿದ್ದ ಪ್ರಾರ್ಥನೆ ಆ ವಾರ ಪೂರ್ತಿ ಬಂದ್!

ಈ ಮೇ ತಿಂಗಳಲ್ಲಿ ಅವನು ರಜೆಗೆ ಬಂದಾಗ ಜೊತೆಗೆ ಒಂದು ಸುದ್ದಿಯೂ ಬಂತು. ಕಾರ್ಕಳದ ಕಡೆ ಒಂದು ಹಾಸ್ಟೆಲ್ ನೋಡಿಕೊಳ್ಳಲು ಪಾದ್ರಿಯೊಬ್ಬರು ಬೇಕು. ಮನಸ್ಸಿದ್ದರೆ ಇಲ್ಲೇ ಉಳಿಯಬಹುದು, ರಜೆ ಮುಗಿಯುವುದರೊಳಗೆ ತಿಳಿಸು ಎಂದು ಮೇಲಿನವರು ಹೇಳಿದ್ದರು. ಅವನ ತಾಯಿಯ, ನನ್ನ ಕಲ್ಯಾಣಪುರದ ಮಾವ್ಶಿಯ, ಸಂಭ್ರಮ ಕೇಳಬೇಕೇ? ಕಾರ್ಕಳವೆಂದರೆ ಬಸ್ಸಿನಲ್ಲಿ ಒಂದು ಸಣ್ಣ ನಿದ್ದೆಯಷ್ಟು ದೂರ. “ಬೆಳಿಗ್ಗೆ ಮಾಡಿದ ಮೀನು ಸಾರು ಮಧ್ಯಾಹ್ನಕ್ಕೆ ಅವನ ಬಟ್ಟಲಲ್ಲಿರ್ತದೆ” ಎಂದು ಕಂಡಕಂಡವರಿಗೆಲ್ಲ ಹೇಳಿದರು. ಅವನು ಮಾತ್ರ ತೀರ್ಮಾನ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮಣಿಪಾಲದಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು. ಅವನು ಉಳಿಯುವ ಸಂಭವ ಎಷ್ಟೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ, ಅಷ್ಟೆ.

ಸಂಭವ ಇಳಿಯತೊಡಗಿದ್ದು ಬಸ್ಸಿನಲ್ಲಿ. ಒಂದು ಮದುವೆಗೆಂದು ನಾವಿಬ್ಬರೂ ಉಡುಪಿಯಿಂದ ಕಾಪುವಿಗೆ ಹೊರಟಿದ್ದೆವು. ಅವನಿರುವ ಹಳ್ಳಿಯಲ್ಲಿ ಯಾರನ್ನು ಕಂಡರೂ ಮನೆ, ಮಕ್ಕಳು, ಜಾನುವಾರು ಎಲ್ಲವನ್ನೂ ವಿಚಾರಿಸಿಯೇ ವಿಷಯಕ್ಕೆ ಬರಬೇಕಂತೆ. ಆ ರೂಢಿಯೂ ಅವನೊಟ್ಟಿಗೆ ವಿಮಾನ ಇಳಿದಿತ್ತು.

“ಎಲ್ಲಿಗೆ?” ಎಂದ ಕಂಡಕ್ಟರ್.

“ನಮಸ್ಕಾರ. ಮನೆಯಲ್ಲಿ ಎಲ್ಲ ಸೌಖ್ಯವಾ?”

“ಹಾಂ, ಸೌಖ್ಯ. ಎಲ್ಲಿಗೆ?”

“ಮಕ್ಕಳು?”

“ಇಬ್ಬರು. ಎಲ್ಲಿಗೆ ಮಾರಾಯ್ರೆ?”

“ಆಡುಗಳು?”

“ಆಡಾ? ನೀವು ಇನ್ಶೂರೆನ್ಸಿನವರಾ?”

ಇಡೀ ಬಸ್ಸು ನಕ್ಕಿತು. ನಾನು ಕಿಟಕಿಯಾಚೆಯ ತೆಂಗಿನ ಮರಗಳನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಆದರೆ ಉಳಿದವರ ಟಿಕೆಟ್ ಮುಗಿಸಿದ ಕಂಡಕ್ಟರ್ ಮೆಲ್ಲನೆ ಇವನ ಬಳಿಗೇ ಬಂದು ನಿಂತ. ತಾಯಿಯ ಮಂಡಿನೋವು ಹೇಳಿದ. ತಂಗಿಗೆ ಬಂದು ತಪ್ಪಿಹೋದ ಸಂಬಂಧ ಹೇಳಿದ. ಕಾಪು ಯಾವಾಗ ದಾಟಿತೋ, ನಾವು ಇಳಿದದ್ದು ಪಡುಬಿದ್ರಿಯಲ್ಲಿ! ತಿರುಗಿ ಮದುವೆ ಹಾಲ್ ಮುಟ್ಟುವಾಗ ಐಸ್‌ಕ್ರೀಮ್ ಖಾಲಿ. ಇವನಿಗೆ ಅದರ ಪರಿವೆಯೇ ಇಲ್ಲ. ಹೀಗೆ ಬದಲಾಗಿ ಬಂದವನಲ್ಲಿ ನಮ್ಮ ಪಾಲಿಗೆ ಉಳಿದದ್ದು ಎಷ್ಟು ಎಂದು ನಾನು ಯೋಚಿಸುತ್ತಾ ಕುಳಿತೆ.

ಮರುದಿನ ಮಾವ್ಶಿಯ ಅಡಿಗೆಮನೆಗೆ ನುಗ್ಗಿ ಅಲ್ಲಿಯ ಮೆಕ್ಕೆಜೋಳದ ಮುದ್ದೆ ಮಾಡಿದ. ಮಾವ್ಶಿ ಸೌಟಿನಿಂದ ಬಡಿದು ನೋಡಿದರು. “ಇದು ತಿನ್ನುವುದಾ, ಗೋಡೆಗೆ ಮೆತ್ತುವುದಾ?”

“ತಿಂದು ನೋಡಮ್ಮ. ನಮ್ಮ ಊರಿನಲ್ಲಿ ಇದಿಲ್ಲದೆ ಊಟವೇ ಇಲ್ಲ.”

“ಯಾವ ಊರಿನಲ್ಲಿ?” ಎಂದರು ಮಾವ್ಶಿ. ಅವನಿಗೆ ಕೇಳಿಸಲಿಲ್ಲ, ಕೈಗಂಟಿದ ಹಿಟ್ಟು ತೊಳೆಯುತ್ತಿದ್ದ.

ರಜೆ ಮುಗಿಯುತ್ತಾ ಬಂತು. ಒಂದು ಸಂಜೆ ಜಗಲಿಯಲ್ಲಿ ಮಾವ್ಶಿ ನೇರವಾಗಿಯೇ ಕೇಳಿದರು. “ಕಾರ್ಕಳದವರಿಗೆ ಎಂತ ಹೇಳಿದೆ ಪುತಾ?”

“ಅಮ್ಮ, ನಾವು ಒಂದು ಮನೆಯಿಂದ ಏಳುವಾಗ ಎಂತ ಹೇಳ್ತೇವೆ?”

“ಬರ್ತೇನೆ ಅಂತ. ಹೋಗ್ತೇನೆ ಅನ್ನಬಾರದು. ಹೋಗುವುದು ಸತ್ತವರು.”

“ಅದನ್ನೇ ನಾನು ಅಲ್ಲಿಯ ಭಾಷೆಗೆ ತಿರುಗಿಸಿದೆ ನೋಡು!”

ಹೋದ ಹೊಸತರಲ್ಲಿ ಅವನು ಪ್ರತಿ ಮನೆಯಿಂದ ಏಳುವಾಗಲೂ ‘ನಕೂಜಾ’, ಬರ್ತೇನೆ, ಎಂದು ಕೈಮುಗಿದು ಹೊರಡುತ್ತಿದ್ದನಂತೆ. ಅಲ್ಲಿ ಬರ್ತೇನೆ ಎಂದರೆ ಈಗಲೇ ತಿರುಗಿ ಬರುತ್ತೇನೆ ಎಂದೇ ಅರ್ಥ. ಪಾಪ, ಮನೆಮನೆಯಲ್ಲೂ ಅವನ ಪಾಲಿನ ಊಟ ಮುಚ್ಚಿಟ್ಟು ಕಾದರು. ಇವನು ಮಿಷನ್ ಮನೆಯಲ್ಲಿ ಒಬ್ಬನೇ ಕುಳಿತು ಒಣ ಬ್ರೆಡ್ ತಿನ್ನುತ್ತಿದ್ದ! ಹೊಸ ಫಾದರ್ ಒಳ್ಳೆಯವನು, ಆದರೆ ಸುಳ್ಳ ಎಂದು ಹೆಸರಾಯಿತು. ಕಡೆಗೆ ಒಬ್ಬ ಮುದುಕಿ ಚರ್ಚಿನ ಬಾಗಿಲಲ್ಲೇ ತಡೆದಳು. “ಸುಳ್ಳು ಹೇಳಬಾರದೆಂದು ನಮಗೆ ಪ್ರವಚನ ಕೊಡುತ್ತೀ. ನಿನ್ನಿಂದ ನನ್ನ ಬೀನ್ಸ್ ಸಾರು ಎಷ್ಟು ಸಲ ಹಳಸಿತು ಗೊತ್ತಾ?”

“ಹಾಗಾದರೆ ಹೋಗ್ತೇನೆ ಅನ್ನಬಹುದಿತ್ತಲ್ಲ?” ಎಂದೆ ನಾನು.

“ನಾಲಿಗೆ ಏಳಲಿಲ್ಲ ಮಾರಾಯ್ತಿ, ಅಮ್ಮನ ಹೆದರಿಕೆ! ಮಾತು ಬದಲಿಸುವುದಕ್ಕಿಂತ ತಿರುಗಿ ಹೋಗುವುದೇ ಸುಲಭವಾಯಿತು.”

ಅಂದಿನಿಂದ ಬೆಳಿಗ್ಗೆ ಹೋದ ಮನೆಗೆ ಸಂಜೆ ಮತ್ತೆ ಹೋಗತೊಡಗಿದ. ಕೆಟ್ಟ ಪಂಪು, ದಿನ ತುಂಬಿದ ಸೊಸೆ, ಶಾಲೆ ಬಿಟ್ಟ ಮಗು, ಎಲ್ಲ ಅವನಿಗೆ ತಿಳಿದದ್ದು ಆ ಎರಡನೆಯ ಸಲ, ಊಟಕ್ಕೆ ಕುಳಿತಾಗ. ಒಂದು ತಪ್ಪು ಅನುವಾದದ ಮೇಲೆ ಇಡೀ ಮಿಷನ್ ನಿಂತಿದೆ ಎಂದರೆ ನೀವು ನಂಬುತ್ತೀರಾ?

“ಈ ಸಲ ಅಲ್ಲಿಂದ ಹೊರಡುವಾಗಲೂ ಅದೇ ಹೇಳಿದೆ,” ಎಂದ ಅವನು, ಈಗ ನಗದೆ. “ಎಲ್ಲರಿಗೂ. ಆ ಮುದುಕಿಗೂ. ಕಾರ್ಕಳಕ್ಕೆ ಬೇರೆ ಯಾರಾದರೂ ಸಿಗ್ತಾರೆ ಅಮ್ಮ.”

“ನನಗೂ ಹಾಗೇ ಹೇಳಿದ್ದಿ” ಎಂದರು ಮಾವ್ಶಿ.

“ಬಂದೆನಲ್ಲಮ್ಮ.”

“ಇದು ರಜೆ. ಬರುವುದಲ್ಲ.”

ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದ ಮಾತೂ ಅದೇ. ಮಾವ್ಶಿ ಹೇಳಿಬಿಟ್ಟ ಮೇಲೂ ಅದು ನನ್ನೊಳಗೆ ಹಾಗೆಯೇ ಉಳಿದಿದೆ.

ಹೊರಡುವ ದಿನ ಅವನು ಸೂಟ್‌ಕೇಸ್ ಮುಚ್ಚುತ್ತಿದ್ದಾಗ ಮಾವ್ಶಿ ಒಂದು ಹೊಸ ಹತ್ತಿ ಸೀರೆ ತಂದು ಬಟ್ಟೆಗಳ ಮೇಲಿಟ್ಟರು.

“ಇದು ಯಾರಿಗಮ್ಮ?”

“ಆ ಮುದುಕಿಗೆ. ಅವಳು ಸೀರೆ ಉಡುವುದಿಲ್ಲ ಅಂತ ನನಗೂ ಗೊತ್ತುಂಟು. ಹೊದ್ದುಕೊಳ್ಳಲಿ.”

ಸರಿಯಾಗಿಯೇ ಇದ್ದ ಮಡಿಕೆಯನ್ನು ಮಾವ್ಶಿ ಮತ್ತೊಮ್ಮೆ ಸರಿಮಾಡಿದರು.

“ಯಾರು ಕೊಟ್ಟದ್ದು ಅಂತ ಕೇಳಿದರೆ, ಇಲ್ಲಿಯ ತಾಯಿ ಅಂತ ಹೇಳು.”