ನೀರುನಾಯಿಯ ಆಟ

ನನ್ನ ಮೈದುನ ಮನುಷ್ಯನೇ ಹೌದು ಅಂತ ಸಾಕ್ಷಿ ಹೇಳಲು ಯಾರಾದರೂ ಕರೆದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ವಾರವೆಲ್ಲ ತಿರುವನಂತಪುರದಲ್ಲಿ ರಾಕೆಟ್ಟಿನ ಲೆಕ್ಕ ಹಾಕುವ ವಿಜ್ಞಾನಿ. ಶನಿವಾರ ಅಲ್ಲಿನ ತಂಪಾನೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೊಚ್ಚಿಗೆ ಬಂದು ನಮ್ಮ ಮನೆಯ ಚಾಪೆಯ ಮೇಲೆ ಕೂತನೋ, ತೋಳ! ಇಲ್ಲವೇ ಹೆಬ್ಬಾವು. ಇಲ್ಲವೇ ಹೆಸರೇ ಇಲ್ಲದ, ಮೂರು ಬಾಲದ ಏನೋ ಒಂದು. ಅದಕ್ಕೂ ನಾನೇ ಕಾಫಿ ಮಾಡಿಕೊಡಬೇಕು!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮ ಯಜಮಾನರಿಗೆ ಬಂದರಿನ ಕಚೇರಿಯಲ್ಲಿ ಕೆಲಸ, ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಕ್ವಾರ್ಟರ್ಸು. ಹಿತ್ತಿಲ ಬಾಗಿಲಿನಿಂದ ಐವತ್ತು ಹೆಜ್ಜೆಗೆ ಹಿನ್ನೀರು.

ಮಟ್ಟಾಂಚೇರಿಯಲ್ಲಿ ಹಡಗಿನವರು ಬಿಟ್ಟುಹೋದ ಸಾಮಾನು ಮಾರುವ ಅಂಗಡಿಯಿಂದ ಮೈದುನ ಒಂದು ಕಂತೆ ಇಂಗ್ಲಿಷ್ ಹಾಳೆ, ಒಂದು ಚೀಲ ದಾಳ ತಂದ. ಪಗಡೆಯ ದಾಳವಲ್ಲ, ಒಂದಕ್ಕೆ ಎಂಟು ಮುಖ, ಇನ್ನೊಂದಕ್ಕೆ ಇಪ್ಪತ್ತು! ಹಾಳೆಗಳಿಗೆ ಏಲಕ್ಕಿಯ ವಾಸನೆ. ಒಬ್ಬ ಕಥೆ ಹೇಳಬೇಕು, ಉಳಿದವರು ಅದರೊಳಗೆ ಇಳಿಯಬೇಕು. ಅದೇ ಆಟ.

“ಅತ್ತಿಗೆ, ನೀವು ಕಾಡಿನಲ್ಲಿದ್ದೀರಿ. ಎದುರಿಗೆ ಹೊಳೆ. ಏನು ಮಾಡ್ತೀರಿ?”

“ಬಟ್ಟೆ ಒಗೀತೀನಿ.”

“ಅಯ್ಯೋ! ಹೊಳೆಯೊಳಗಿಂದ ಏನೋ ನಿಮ್ಮನ್ನೇ ನೋಡ್ತಾ ಇದೆ!”

“ನೋಡಲಿ ಬಿಡು. ಸೋಪು ಹಿಡ್ಕೊಳ್ಳೋಕೆ ಒಬ್ಬರು ಬೇಕಿತ್ತು.”

ಸರಿಯಾದ ಸಂಖ್ಯೆ ಬಿದ್ದರೆ ಪ್ರಾಣಿಯ ರೂಪ ತಾಳಬಹುದು. ಯಜಮಾನರಿಗೆ ಕರಡಿ ಬಿತ್ತು. “ಗುಹೆಗೆ ಹೋಗ್ತೀನಿ” ಎಂದು ಎದ್ದವರು ಸಂಜೆವರೆಗೆ ಕೋಣೆಯಲ್ಲಿ ಗೊರಕೆ ಹೊಡೆದರು. ರೂಪ ಬದಲಾದದ್ದು ನನಗಂತೂ ಗೊತ್ತಾಗಲಿಲ್ಲ!

ನಗು ನಿಲ್ಲುತ್ತಿದ್ದದ್ದು ಮೈದುನ ಬದಲಾದಾಗ. ಕನ್ನಡಕ ತೆಗೆದಿಡುವನು. ಭುಜ ಇಳಿಯುವುದು. ಕಣ್ಣು ಮಿಟುಕುವುದು ನಿಲ್ಲುವುದು. ನಮ್ಮ ಮನೆಗೆ ಬರುತ್ತಿದ್ದ ಬೆಕ್ಕು ಒಮ್ಮೆ ಅವನನ್ನು ಹಾಗೆ ನೋಡಿ, ಬೆನ್ನು ಸೆಟೆಸಿ, ಹಾಲು ಬಿಟ್ಟು ಹೋದದ್ದು ಮತ್ತೆ ಬರಲೇ ಇಲ್ಲ. ಹಾಲು ಉಳಿಯಿತು ಎಂದೆ, ನಿಜ. ಆದರೆ ನನ್ನ ಕೈಯ ರೋಮ ನೆಟ್ಟಗಾಗಿತ್ತು.

ಕಥೆ ಮುಗಿದರೆ ಎಲ್ಲರೂ ತಾವಾಗಿ ಮನುಷ್ಯರಾಗುತ್ತಿದ್ದರು. ಮಳೆಗಾಲದ ಒಂದು ವಾರಾಂತ್ಯ ಕಥೆ ಅರ್ಧಕ್ಕೇ ನಿಂತಿತು, ಅವನ ರೈಲಿಗೆ ಹೊತ್ತಾಗಿತ್ತು. ಎಂಟು ವರ್ಷದ ನಮ್ಮ ಪುಟ್ಟಿ ಆಗ ನೀರುನಾಯಿ. ನಡುವೆ ಮರಳುವುದು ಹೇಗೆಂದು ಮೈದುನ ಕಂತೆ ತಿರುವಿದ. ಹನ್ನೆರಡನೆಯ ಪುಟ ‘ರೂಪ ಬದಲಿಸಿದವರು ಮರಳಬೇಕಾದರೆ’ ಎಂಬಲ್ಲಿಗೆ ಮುಗಿದಿತ್ತು. ಮುಂದಿನದು ಹದಿನೈದು. ನಡುವಿನ ಹಾಳೆಯೇ ಇಲ್ಲ!

“ನೀನೇ ಏನಾದರೂ ಹೇಳಿ ಮುಗಿಸೋ” ಎಂದೆ.

“ಇಲ್ಲದ ನಿಯಮ ನಾನು ಹೇಗೆ ಹುಟ್ಟಿಸಲಿ ಅತ್ತಿಗೆ? ಊಹೆ ಮೇಲೆ ರಾಕೆಟ್ ಹಾರಿಸ್ತೀವಾ? ಮುಂದಿನ ಶನಿವಾರದವರೆಗೆ ಪುಟ್ಟಿ ನೀರುನಾಯಿ!” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಸೋಮವಾರ ಪುಟ್ಟಿ, “ಅಮ್ಮೇ, ಮೀನ್ ವೇಣಂ” ಎಂದಳು. ಮೀನು ಬೇಕಂತೆ, ಅದೂ ಮಲಯಾಳದಲ್ಲಿ! ಈರುಳ್ಳಿಗೂ ಪಂಚಾಂಗ ನೋಡುವ ಮನೆ ನಮ್ಮದು. ನಕ್ಕೆವು. ಮಂಗಳವಾರ ಮಲಯಾಳವೂ ನಿಂತಿತು, ಕನ್ನಡವೂ ನಿಂತಿತು. ಅನ್ನ ಮೂಸಿ ತಟ್ಟೆ ದೂಡುತ್ತಿದ್ದಳು. ಗುರುವಾರ ಶಾಲೆಯಿಂದ ಬಂದವಳು ಮನೆಯಲ್ಲಿಲ್ಲ. ಹಿತ್ತಿಲ ಬಾಗಿಲು ತೆರೆದಿತ್ತು. ಓಡಿದೆ. ಹಿನ್ನೀರಿನ ಕಲ್ಲುಮೆಟ್ಟಿಲಿನಲ್ಲಿ, ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದಾಳೆ. ಈಜು ಬಾರದ ಹುಡುಗಿ!

“ಪುಟ್ಟಿ, ಬಾರೇ.”

ತಲೆಯನ್ನಷ್ಟೇ ತಿರುಗಿಸಿ ಗಂಟಲಿನಿಂದ ಸಣ್ಣ ಸಿಳ್ಳೆ ಹಾಕಿದಳು. ಆಚೆ, ನೀರಿನ ಮೇಲೆ ತೇಲುವ ಸೊಪ್ಪಿನ ನಡುವಿನಿಂದ, ಅಂಥದೇ ಸಿಳ್ಳೆ ಉತ್ತರ ಕೊಟ್ಟಿತು.

ಅವಳನ್ನು ಎತ್ತಿಕೊಂಡು ಬಂದು ಚಿಲಕ ಹಾಕಿದೆ. ಪಕ್ಕದ ಮನೆಯಿಂದ ತಿರುವನಂತಪುರಕ್ಕೆ ಟ್ರಂಕ್ ಕಾಲ್ ಮಾಡಿದೆ.

“ಅವಳು ನೀರಿಗೆ ಇಳೀತಾಳೆ ಕಣೋ.”

ಲೈನಿನ ಗೊರಗೊರದ ನಡುವೆ ಅವನ ದನಿ: “ಬಾಗಿಲು ತೆಗೀಬೇಡಿ ಅತ್ತಿಗೆ. ಬರ್ತೀನಿ.”

ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಬಂದ. “ಕಥೆ ಮುಗಿಸಿಬಿಡೋ, ಸಾಕು” ಎಂದೆ.

“ಕಥೆ ಕೇಳೋಕೆ ಅವಳು ಮನುಷ್ಯಳಾಗಿರಬೇಕಲ್ಲ?” ಎಂದು ಜೇಬಿನಿಂದ ಒಂದು ಹಾಳೆ ತೆಗೆದ. “ಕಳೆದುಹೋದ ಪುಟ ಸಿಕ್ಕಿತು.” ಪುಟ್ಟಿಯ ಎದುರು ನೆಲದ ಮೇಲೆ ಕೂತು, ಕನ್ನಡ ಮಾಡಿ ಓದಿದ: ಮರಳಬೇಕಾದರೆ, ಅವರ ಪ್ರೀತಿಯ ಇನ್ನೊಬ್ಬರು ಆ ರೂಪವನ್ನು ತಾವು ತೊಡಬೇಕು.

ಹಾಳೆ ನನ್ನ ಕೈಗೆ ಬಂತು. ಬೆರಳಿಗೆ ಕಾರ್ಬನ್ನಿನ ನೀಲಿ ಹತ್ತಿತು. ಊಹೆ ಮೇಲೆ ರಾಕೆಟ್ ಹಾರಿಸದ ಮಹಾನುಭಾವ ಆಫೀಸಿನ ಟೈಪ್‌ರೈಟರಿನಲ್ಲಿ ನಿಯಮ ಹುಟ್ಟಿಸಿದ್ದ! ಹಾಳೆ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಕೊಡು ನಂಗೆ” ಎಂದು ಪುಟ್ಟಿಯತ್ತ ಅಂಗೈ ಚಾಚಿದ. ಪುಟ್ಟಿ ತನ್ನ ಎರಡೂ ಮುಷ್ಟಿಗಳನ್ನು ಅದರಲ್ಲಿಟ್ಟಳು. ಅವನು ಕನ್ನಡಕ ತೆಗೆದ. ಭುಜ ಇಳಿಯಿತು. ಗಂಟಲಿನಿಂದ ಆ ಸಿಳ್ಳೆ ಬಂತು. ಮನೆಯೆಲ್ಲ ತಣ್ಣಗಾದಂತಾಯಿತು.

“ಚಿಕ್ಕಪ್ಪ,” ಎಂದಳು ಪುಟ್ಟಿ, ಅಚ್ಚ ಕನ್ನಡದಲ್ಲಿ, “ನೀನು ಹೇಗೆ ವಾಪಸ್ ಬರ್ತೀಯಾ?”

ಅದನ್ನು ಅವನು ಟೈಪ್ ಮಾಡಿರಲಿಲ್ಲ.

“ನಂಗೇನಮ್ಮ,” ಎಂದ, “ಈಜು ಬರುತ್ತೆ.”

ಪುಟ್ಟಿ ಹೋ ಎಂದು ಅತ್ತಳು. ಎರಡು ತಟ್ಟೆ ಮೊಸರನ್ನ ತಿಂದಳು.

ಆ ಕಂತೆಗೆ ಅವನು ಮತ್ತೆ ಕೈ ಹಾಕಲಿಲ್ಲ. ಕಥೆ ಅರ್ಧಕ್ಕೇ ಉಳಿಯಿತು. ಒಂದು ದಿನ ಊಟಕ್ಕೆ ಕೂತಾಗ ಯಜಮಾನರು ನಕ್ಕರು: “ಅವನಿಗೆಲ್ಲಿಯ ಈಜು? ಚಿತ್ರದುರ್ಗದ ಕಡೆಯ ನಮ್ಮೂರಲ್ಲಿ ಸ್ನಾನಕ್ಕೇ ನೀರಿರಲಿಲ್ಲ!”

ಪುಟ್ಟಿ ಕೇಳಿಸಿಕೊಂಡಳು. ಅಂದಿನಿಂದ ಚಿಕ್ಕಪ್ಪನ ಜೊತೆ ದೋಣಿ ಕಟ್ಟೆಯ ಕಡೆ ಹೊರಟಾಗಲೆಲ್ಲ, ನೀರಿನ ಪಕ್ಕಕ್ಕೆ ತಾನು ನಡೆದು, ಅವನನ್ನು ಒಳಪಕ್ಕಕ್ಕೆ ತಳ್ಳಿ, ಅವನ ಕಿರುಬೆರಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು.